ಘಟ್ಟ ಇಳಿಯುವ ಮೊದಲು ಬರೆದ ಲೆಕ್ಕ

ಮಂಗಳೂರಿಗೆ ಹೋಗುತ್ತೇವೆ ಎಂದಾಗ ಶಿವಮೊಗ್ಗದಲ್ಲಿ ಸಿಕ್ಕವರೆಲ್ಲ ಹೇಳಿದ್ದು ಎರಡೇ ಮಾತು. ಒಂದು ಸೆಕೆ, ಇನ್ನೊಂದು ಬಾಡಿಗೆ. ಗೋಪಾಳದ ನಮ್ಮ ಬೀದಿಯ ಕಿರಾಣಿ ಅಂಗಡಿಯವರಿಂದ ಹಿಡಿದು ನಮ್ಮವರ ಸೋದರಮಾವನವರೆಗೆ ಎಲ್ಲರೂ ಇವೆರಡನ್ನೇ ಹಿಂದುಮುಂದು ಮಾಡಿ ಹೇಳಿದರು. ಎರಡೂ ನಿಜವೇ. ಆದರೆ ಸೆಕೆ ಎಷ್ಟೆಂದು ಬಸ್ಸಿನಿಂದ ಇಳಿದ ಕೂಡಲೇ ತಿಳಿಯುತ್ತದೆ, ಬಾಡಿಗೆ ಎಷ್ಟೆಂದು ಮನೆಯವರು ಮೊದಲ ಮಾತಿನಲ್ಲೇ ಹೇಳಿಬಿಡುತ್ತಾರೆ. ಕೈಯಲ್ಲಿನ ದುಡ್ಡು ಸೋರುವುದು ಇವೆರಡರಿಂದಲ್ಲ. ಶಿವಮೊಗ್ಗದಲ್ಲಿ ಯಾವುದಕ್ಕೆ ಒಂದು ರೂಪಾಯಿಯನ್ನೂ ಕೊಡದೆ ಬದುಕಿದ್ದೆವೋ ಅದಕ್ಕೆಲ್ಲ ಅಲ್ಲಿ ದುಡ್ಡು ಕೊಡಬೇಕಾಗುತ್ತದಲ್ಲ, ಅಲ್ಲಿಂದ.

ನಾನು ಲ್ಯಾಬ್ ಟೆಕ್ನೀಷಿಯನ್. ಶಿವಮೊಗ್ಗದ ಖಾಸಗಿ ಪ್ರಯೋಗಾಲಯವೊಂದರಲ್ಲಿ ರಕ್ತ, ಮೂತ್ರ, ಥೈರಾಯ್ಡ್ ಎಂದು ಪರೀಕ್ಷೆ ಮಾಡುತ್ತಾ 21,000 ರೂಪಾಯಿ ಸಂಬಳಕ್ಕೆ ಬಂದು ನಿಂತಿದ್ದೆ. ಅಲ್ಲಿಂದ ಮುಂದೆ ವರ್ಷಕ್ಕೆ 500 ರೂಪಾಯಿ ಏರಿದರೆ ಅದೇ ದೊಡ್ಡದು. ಮಂಗಳೂರಿನ ಆಸ್ಪತ್ರೆಯೊಂದರ ಲ್ಯಾಬಿನಿಂದ 34,000ಕ್ಕೆ ಕರೆ ಬಂತು. ನಮ್ಮವರು ಮನೆ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಕಂಪ್ಯೂಟರ್ ಇದ್ದಲ್ಲಿ ಅವರ ಕಚೇರಿ. ಶಿವಮೊಗ್ಗದ ಎಂಜಿನಿಯರರ ಕೆಲಸವನ್ನೇ ಅಲ್ಲಿಂದ ಮಾಡಿಕೊಡಬಹುದಿತ್ತು. ಮಗಳು ಒಂದನೇ ತರಗತಿ ಮುಗಿಸುವುದರಲ್ಲಿದ್ದಳು, ಮಗನಿಗೆ ಎರಡು ವರ್ಷ. ಅತ್ತೆ, ಮಾವ ತೀರ್ಥಹಳ್ಳಿಯ ಕಡೆ ಒಂದೂವರೆ ಎಕರೆ ಅಡಿಕೆ ತೋಟ, ಒಂದು ತುಂಡು ಗದ್ದೆ ನೋಡಿಕೊಂಡಿದ್ದಾರೆ. ನನ್ನ ಅಪ್ಪ, ಅಮ್ಮ ವಿನೋಬನಗರದಲ್ಲಿ.

ನಮ್ಮವರು ಒಂದು ನೋಟ್ ಪುಸ್ತಕ ತೆಗೆದು ನಡುವೆ ಗೆರೆ ಎಳೆದರು. ಎಡಕ್ಕೆ ಶಿವಮೊಗ್ಗ, ಬಲಕ್ಕೆ ಮಂಗಳೂರು. ಬಾಡಿಗೆ, ಶಾಲೆ, ದಿನಸಿ, ಕರೆಂಟು, ಪೆಟ್ರೋಲು. ಬಲಗಡೆಯ ಮೊತ್ತ 9,000 ರೂಪಾಯಿ ಹೆಚ್ಚು ಬಂತು. "ಸಂಬಳ 13,000 ಹೆಚ್ಚುತ್ತದೆ, ಖರ್ಚು 9,000 ಹೆಚ್ಚುತ್ತದೆ, 4,000 ಉಳಿಯಿತು ನೋಡು" ಎಂದು ಪೆನ್ನಿನ ಮುಚ್ಚಳ ಹಾಕಿದರು. ನಕ್ಷೆ ಬರೆಯುವವರಿಗೆ ಗೆರೆಯೊಳಗೆ ಇರುವುದಷ್ಟೇ ಮನೆ.

ನನಗೆ ಸಮಾಧಾನವಾಗಲಿಲ್ಲ. ಅದೇ ಪುಸ್ತಕದ ಹಿಂದಿನ ಹಾಳೆಯಲ್ಲಿ ನಾನೊಂದು ಪಟ್ಟಿ ಶುರುಮಾಡಿದೆ. ಒಂದು ತಿಂಗಳು, ದುಡ್ಡು ಕೊಡದೆ ಮನೆಯೊಳಗೆ ಬಂದದ್ದನ್ನೆಲ್ಲ ಬರೆಯುತ್ತಾ ಹೋದೆ. ತೀರ್ಥಹಳ್ಳಿ ಬಸ್ಸಿನಲ್ಲಿ ಕಂಡಕ್ಟರ್ ಕೈಗೆ ಕೊಟ್ಟು ಅತ್ತೆ ಕಳಿಸುವ ಚೀಲದಿಂದ ಪಟ್ಟಿ ಆರಂಭವಾಯಿತು: ತೆಂಗಿನಕಾಯಿ, ಬಾಳೆಕಾಯಿ, ಬಸಳೆ, ಕೆಸುವಿನ ಸೊಪ್ಪು, ನಿಂಬೆಹಣ್ಣು, ಗದ್ದೆಯ ಅಕ್ಕಿ, ಕಾಳುಮೆಣಸು, ಬೆಣ್ಣೆ ಕಾಯಿಸಿದ ತುಪ್ಪ. ವರ್ಷಕ್ಕೊಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ, ಒಂದು ಡಬ್ಬಿ ಹಲಸಿನ ಹಪ್ಪಳ. ಇವನ್ನು ಹನ್ನೆರಡರಿಂದ ಭಾಗಿಸಿ ಸೇರಿಸಿದೆ. ಆಮೇಲೆ ಸಾಮಾನಲ್ಲದ್ದು. ಬೆಳಿಗ್ಗೆ ಮಗನನ್ನು ವಿನೋಬನಗರದಲ್ಲಿ ಬಿಟ್ಟರೆ ಸಂಜೆಯವರೆಗೆ ಅಮ್ಮನದೇ ಜವಾಬ್ದಾರಿ. ಮಗಳು ಶಾಲೆಯ ಆಟೊದಿಂದ ಇಳಿಯುವುದೂ ಅಲ್ಲೇ. ಊಟ, ಮನೆಪಾಠ, ಎಣ್ಣೆಸ್ನಾನ ಎಲ್ಲವೂ ಅಲ್ಲೇ. ಜ್ವರ ಬಂದ ರಾತ್ರಿ ಫೋನ್ ಮಾಡಿದರೆ ಅಪ್ಪ ಸ್ಕೂಟರಿನಲ್ಲಿ ಬಂದು ಬಾಗಿಲು ತಟ್ಟುತ್ತಿದ್ದರು. ಕಿರಾಣಿ ಅಂಗಡಿಯಲ್ಲಿ ತಿಂಗಳ ಕೊನೆಗೆ ಕೊಡುವ ಉದ್ರಿ. ನಮ್ಮ ಲ್ಯಾಬಿನಲ್ಲಿ ಮನೆಯವರಿಗೆಲ್ಲ ಬಿಟ್ಟಿ ಪರೀಕ್ಷೆ.

ಪ್ಯಾರಾಮೆಡಿಕಲ್ ಓದುವಾಗ ಜೊತೆಗಿದ್ದ ಗೆಳತಿಯೊಬ್ಬಳು ಮಂಗಳೂರಿನಲ್ಲಿದ್ದಾಳೆ. ಅವಳಿಗೆ ಫೋನ್ ಮಾಡಿ ಒಂದೊಂದಕ್ಕೂ ಅಲ್ಲಿನ ದರ ಕೇಳಿದೆ. ಮಗನನ್ನು ಇಡೀ ದಿನ ನೋಡಿಕೊಳ್ಳುವ ಕೇಂದ್ರಕ್ಕೆ 5,500. ಮಗಳನ್ನು ಶಾಲೆ ಬಿಟ್ಟ ಮೇಲೆ ಕೂರಿಸಿಕೊಳ್ಳಲು 2,000. ಚೀಲದ ಸಾಮಾನಿಗೆ ಹತ್ತಿರಹತ್ತಿರ 3,000. ಒಟ್ಟು 10,500. ನಮ್ಮವರ 9,000ಕ್ಕೆ ಇದನ್ನು ಕೂಡಿಸಿದರೆ 19,500. ಹೆಚ್ಚಿದ ಸಂಬಳ 13,000. ಉಳಿಯುವುದಿರಲಿ, ತಿಂಗಳಿಗೆ 6,500 ಕಡಿಮೆ ಬೀಳುತ್ತಿತ್ತು.

ಕೆಲವು ಸಾಮಾನಿನಲ್ಲಿ ವ್ಯತ್ಯಾಸವೇ ಇಲ್ಲ ಎಂಬುದೂ ಈ ಪಟ್ಟಿಯಿಂದಲೇ ಗೊತ್ತಾಯಿತು. ನಂದಿನಿ ಹಾಲು ಇಲ್ಲಿಗೂ ಅಲ್ಲಿಗೂ ಒಂದೇ ದರ. ಔಷಧಿ, ಸಾಬೂನು, ಮೊಬೈಲ್ ರೀಚಾರ್ಜ್ ಎಲ್ಲ ಹಾಗೆಯೇ. ಕರಾವಳಿ ದುಬಾರಿ ಎಂದು ಒಟ್ಟಾರೆ ಹೇಳಿಬಿಡುವುದು ಸುಲಭ. ಪ್ಯಾಕೆಟ್ಟಿನ ಮೇಲೆ ಬೆಲೆ ಅಚ್ಚಾದದ್ದು ಯಾವುದೂ ದುಬಾರಿಯಲ್ಲ. ದುಬಾರಿಯಾಗುವುದು ಜಾಗ ಮತ್ತು ಜನ.

ಆದರೂ ಹೊರಟೆವು. ಇಲ್ಲೇ ಇದ್ದರೆ ಐದು ವರ್ಷದ ನಂತರ ನನ್ನ ಸಂಬಳ 23,500 ಎಂದು ಈಗಲೇ ಬರೆದಿಡಬಹುದಿತ್ತು. ಅಲ್ಲಿನದು ಇಪ್ಪತ್ನಾಲ್ಕು ಗಂಟೆಯೂ ತೆರೆದಿರುವ ಲ್ಯಾಬು, ನಾನು ಪುಸ್ತಕದಲ್ಲಷ್ಟೇ ನೋಡಿದ ಯಂತ್ರಗಳು. ನಮ್ಮವರು ಮನೆಯಿಂದಲೇ ಕೆಲಸ ಮಾಡುವುದರಿಂದ ಮಗಳನ್ನು ಬೇರೆಲ್ಲೂ ಕೂರಿಸಬೇಕಿಲ್ಲ, ಮಗನನ್ನು ಅರ್ಧ ದಿನ ಬಿಟ್ಟರೆ ಸಾಕು, ಅದಕ್ಕೆ 3,500. ಅಲ್ಲಿಗೆ ಕೊರತೆ 2,500ಕ್ಕೆ ಇಳಿಯಿತು. ಒಂದು ವರ್ಷ ಚೀಟಿ ಕಟ್ಟುವುದು ಬೇಡ ಎಂದು ತೀರ್ಮಾನಿಸಿದೆವು. ಅಮ್ಮ ಮಾತ್ರ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಮನೆ ಹುಡುಕಿದ್ದು ಏಪ್ರಿಲ್, ಮೇ ತಿಂಗಳಲ್ಲಿ. ಬೇಸಿಗೆಯಲ್ಲಿ ನೋಡಿದ್ದು ಒಳ್ಳೆಯದೇ ಆಯಿತು, ಕರಾವಳಿಯ ಮನೆಯ ನಿಜವಾದ ಗುಣ ಗೊತ್ತಾಗುವುದು ಆಗಲೇ. ಕದ್ರಿ, ಬಿಜೈ, ಬೆಂದೂರು ಕಡೆ ಎರಡು ಕೋಣೆಯ ಮನೆಗೆ 20,000ಕ್ಕಿಂತ ಕೆಳಗೆ ಯಾರೂ ಮಾತಾಡಲಿಲ್ಲ. ಗೋಪಾಳದಲ್ಲಿ ನಾವು ಕೊಡುತ್ತಿದ್ದದ್ದು 8,500. ದಲ್ಲಾಳಿ ಒಂದು ತಿಂಗಳ ಬಾಡಿಗೆಯನ್ನು ತನ್ನದೆಂದು ಮೊದಲೇ ಹೇಳಿಟ್ಟಿದ್ದ. ದೂರ ಹೋದರೆ ಅಗ್ಗ ಎಂದು ಕೊಣಾಜೆ, ಸುರತ್ಕಲ್ ಎಲ್ಲ ತೋರಿಸಿದ. ನನ್ನ ಪಾಳಿ ಕೆಲವು ದಿನ ರಾತ್ರಿ ಎಂಟಕ್ಕೆ ಮುಗಿಯುತ್ತದೆ. ದಿನಕ್ಕೆ ಎರಡು ಗಂಟೆ ಬಸ್ಸಿನಲ್ಲಿ ಕಳೆದು 3,000 ಉಳಿಸುವುದೆಂದರೆ ಎರಡು ವರ್ಷದ ಮಗುವಿನ ಎಚ್ಚರದ ಹೊತ್ತನ್ನು ಮಾರಿದ ಹಾಗೆ. ಆ ವ್ಯಾಪಾರ ನನಗೆ ಬೇಡವಾಯಿತು.

ಮನೆ ತೋರಿಸುವವರ ಪ್ರಶ್ನೆಗಳ ಬಗ್ಗೆ ಬರೆಯದಿದ್ದರೆ ಈ ಕಥೆ ಅರ್ಧವಾಗುತ್ತದೆ. ಎಷ್ಟು ಜನ, ಏನು ಕೆಲಸ ಎಂದು ಕೇಳುವುದು ನ್ಯಾಯ. ಅದಾದ ಮೇಲೆ ಒಂದು ಸಣ್ಣ ಮೌನ. ನಂತರ "ನೀವು ಯಾವ ಜನ?" ಇನ್ನೂ ಮರ್ಯಾದಸ್ಥರು ಅದನ್ನೇ ಅಡುಗೆಮನೆಯ ಬಾಗಿಲಿನಿಂದ ಕೇಳುತ್ತಾರೆ: "ಮೀನು, ಕೋಳಿ ಮಾಡುತ್ತೀರಾ?" ಸಮುದ್ರದಿಂದ ಕೂಗಳತೆಯಲ್ಲಿ ನಿಂತು ಮೀನು ತಿನ್ನುತ್ತೀರಾ ಎಂದು ಕೇಳುವುದನ್ನು ನಾನು ಅಲ್ಲಿಯೇ ಕಂಡದ್ದು. ಶಿವಮೊಗ್ಗದಲ್ಲಿ ಈ ಪ್ರಶ್ನೆ ಇಲ್ಲವೇ ಎಂದರೆ, ಇದೆ. ಅಲ್ಲಿ ನಮ್ಮನ್ನು ಬಲ್ಲವರು ಇದ್ದುದರಿಂದ ನಮ್ಮವರೆಗೆ ಬರಲಿಲ್ಲ ಅಷ್ಟೇ. ಗುರುತು ಪರಿಚಯ ಎಂಬುದನ್ನೂ ಆ ಹಿಂದಿನ ಹಾಳೆಯ ಪಟ್ಟಿಗೆ ಸೇರಿಸಿದೆ, ಬೆಲೆಯ ಜಾಗ ಖಾಲಿ ಬಿಟ್ಟು.

ಕೊನೆಗೆ ಕುಲಶೇಖರದ ಹತ್ತಿರ ಒಂದು ಮನೆ ಸಿಕ್ಕಿತು. ಕೆಳಗೆ ವಯಸ್ಸಾದ ಕ್ರೈಸ್ತ ಮಹಿಳೆಯೊಬ್ಬರು, ಮಕ್ಕಳು ಗಲ್ಫಿನಲ್ಲಿ. ಮೇಲಿನ ಮಹಡಿ ಬಾಡಿಗೆಗೆ. 14,500 ಬಾಡಿಗೆ, ಒಂದು ಲಕ್ಷ ಮುಂಗಡ. ಸುತ್ತಲಿನವರೆಲ್ಲ ಅವರನ್ನು ಬಾಯಿ ಎನ್ನುತ್ತಾರೆ, ನಾವೂ ಹಾಗೆಯೇ ಕರೆಯುತ್ತೇವೆ. ಅವರು ನಮ್ಮನ್ನು ಕೇಳಿದ್ದು ಒಂದೇ: "ಮಕ್ಕಳು ಮೆಟ್ಟಿಲಿನ ಮೇಲೆ ಓಡುತ್ತಾರಾ?"

ಆ ಮನೆಯಲ್ಲಿ ನಾನು ನೋಡಿದ್ದು ಎರಡು. ಒಂದು, ತಾರಸಿಯ ಮೇಲೆ ತಗಡಿನ ಮಾಡು, ಅಂದರೆ ಸೂರು. ಕರಾವಳಿಯಲ್ಲಿ ಬಹಳ ಮನೆಗಳಿಗೆ ತಾರಸಿಯ ಮೇಲೆ ಮತ್ತೊಂದು ಮಾಡು ಹಾಕಿರುತ್ತಾರೆ. ಅದಿಲ್ಲದ ಮೇಲಿನ ಮಹಡಿಯಲ್ಲಿ ಮಧ್ಯಾಹ್ನ ಕಾಂಕ್ರೀಟು ಕಾದು ರಾತ್ರಿ ಹನ್ನೊಂದಕ್ಕೂ ಗೋಡೆ ಬಿಸಿ ಇರುತ್ತದೆ. ಅಂಥ ಒಂದು ಮನೆಯ ಗೋಡೆಗೆ ಸಂಜೆ ಕೈ ಇಟ್ಟು ನೋಡಿ ಹಿಂದೆ ಬಂದಿದ್ದೆವು. ಮಾಡು ಇದ್ದರೆ ಬೇಸಿಗೆಯಲ್ಲಿ ನೆರಳು, ಮಳೆಗಾಲದಲ್ಲಿ ಬಟ್ಟೆ ಒಣಗುವ ಜಾಗ. ಎರಡು ಸಣ್ಣ ಮಕ್ಕಳಿರುವ ಮನೆಗೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವ ಜಾಗಕ್ಕಿಂತ ದೊಡ್ಡ ಸೌಕರ್ಯವಿಲ್ಲ. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ಬಾವಿ. ಮಂಗಳೂರಿಗೆ ಕುಡಿಯುವ ನೀರು ಬರುವುದು ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಅಣೆಕಟ್ಟೆಯಿಂದ. ಮಳೆ ತಡವಾದ ವರ್ಷ ಆ ನೀರು ಸಾಲದು. 2019ರ ಬೇಸಿಗೆಯಲ್ಲಿ ಸರದಿಯ ಮೇಲೆ ಬಿಟ್ಟಿದ್ದರು. ಸಮುದ್ರಕ್ಕೆ, ಅಳಿವೆಗೆ ಹತ್ತಿರವಿದ್ದ ಕಡೆ ಬಾವಿ ಇದ್ದರೂ ಬೇಸಿಗೆಯಲ್ಲಿ ನೀರು ಉಪ್ಪಾಗುತ್ತದೆ. "ಗಂಗಾ ಸ್ನಾನ, ತುಂಗಾ ಪಾನ" ಎಂದು ಹೇಳಿಕೊಂಡು ಬೆಳೆದವರಿಗೆ ನೀರಿನ ರುಚಿ ನೋಡಿ ಮನೆ ಆರಿಸುವುದು ಹೊಸದು. ಬಾಯಿ ಬಾವಿಯ ಬಲೆ ಸರಿಸಿ ತೋರಿಸಿದರು. ಕೆಂಪು ಮುರಕಲ್ಲನ್ನು ಕಡಿದು ಇಳಿಸಿದ ಬಾವಿ, ಕಲ್ಲಿನ ಸಂದಿಯಲ್ಲಿ ಜರೀಗಿಡ, ಕಟ್ಟೆಯ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ನುಣುಪಾದ ಗೀರುಗಳು. ಮೇ ತಿಂಗಳು, ಆದರೂ ತಳದಲ್ಲಿ ನಮ್ಮ ತಲೆಗಳು ಕಾಣುತ್ತಿದ್ದವು. "ಕಡಿಮೆ ಆಗುತ್ತದೆ, ಬತ್ತುವುದಿಲ್ಲ ಮಾರಾಯರೇ. ನಾನು ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ" ಎಂದರು. ಒಂದು ಲೋಟ ಸೇದಿ ಕೊಟ್ಟರು. ಉಪ್ಪಿರಲಿಲ್ಲ. ಅಲ್ಲೇ ಮುಂಗಡದ ಮಾತು ಮುಗಿಸಿದೆವು.

ದುಡ್ಡಿನ ಬಿಕ್ಕಟ್ಟು ಶುರುವಾದದ್ದು ಆಮೇಲೆ. ಹೊಸ ಮನೆಗೆ ಒಂದು ಲಕ್ಷ ಮೊದಲು ಕೊಡಬೇಕು. ಹಳೆ ಮನೆಯ 50,000 ಮುಂಗಡ ಖಾಲಿ ಮಾಡಿ ಕೀಲಿ ಕೊಟ್ಟ ಮೇಲಷ್ಟೇ ವಾಪಸು, ಅದರಲ್ಲೂ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ದಲ್ಲಾಳಿ, ಲಾರಿ, ಕರಾರು ಪತ್ರ, ಎರಡು ಕಡೆಯೂ ಅರ್ಧರ್ಧ ತಿಂಗಳ ಬಾಡಿಗೆ. ತಿಂಗಳ ಖರ್ಚಿನ ಲೆಕ್ಕವನ್ನು ಎಲ್ಲರೂ ಮಾಡುತ್ತಾರೆ. ಈ ನಡುವಿನ ಆರು ವಾರಗಳಲ್ಲಿ ಕೈಯಲ್ಲಿ ರೊಕ್ಕ ಎಷ್ಟಿರಬೇಕು ಎಂಬ ಲೆಕ್ಕವನ್ನು ಬಹಳ ಜನ ಮಾಡುವುದಿಲ್ಲ. ನಮಗೆ ಒಂದೂಮುಕ್ಕಾಲು ಲಕ್ಷ ಒಟ್ಟಿಗೆ ಬೇಕಾಯಿತು. ಮಾವ ಅಡಿಕೆ ಮಾರಾಟದ ಸಹಕಾರ ಸಂಘವಾದ ಮಾಮ್‌ಕೋಸ್‌ನಲ್ಲಿ ರಾಶಿ ಅಡಿಕೆ ಹಾಕಿದ ದುಡ್ಡಿನಿಂದ 80,000 ಕೈಗಡ ಕೊಟ್ಟರು. "ಬಡ್ಡಿ ಬೇಡ, ಮುಂದಿನ ಕೊಯ್ಲಿಗೆ ಬಂದು ಎರಡು ದಿನ ಅಡಿಕೆ ಸುಲಿ" ಎಂದು ತಮ್ಮ ಮಗನಿಗೆ, ಅಂದರೆ ನಮ್ಮವರಿಗೆ, ಹೇಳಿದರು. ತಮಾಷೆಯಲ್ಲ, ನಿಜವಾಗಿಯೇ ಹೇಳಿದ್ದು.

ಶಾಲೆಯ ವಿಚಾರದಲ್ಲಿ ನೆಂಟರೆಲ್ಲ ತಜ್ಞರು. "ಕರಾವಳಿಯ ಶಾಲೆಗಳೇ ಬೇರೆ" ಎಂದರು. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು, ಮೂರನೆಯದು ನಮ್ಮ ಶಿವಮೊಗ್ಗವೇ. ಅದನ್ನು ಹೇಳಿದರೆ ಯಾರಿಗೂ ರುಚಿಸಲಿಲ್ಲ. ಮಂಗಳೂರಿನ ಖಾಸಗಿ ಶಾಲೆಗಳಲ್ಲಿ ಬರುವ ಜೂನ್‌ಗೆ ಡಿಸೆಂಬರ್, ಜನವರಿಯಲ್ಲೇ ಸೀಟು ಹಂಚಿ ಮುಗಿದಿತ್ತು. ಉಳಿದಿದ್ದ ಒಂದೆರಡು ಕಡೆ ಶುಲ್ಕ 45,000, ವಾಹನಕ್ಕೆ ಬೇರೆ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಅನುದಾನಿತ ಕನ್ನಡ ಶಾಲೆ ಇತ್ತು. ಹಳೆಯ ಹಂಚಿನ ಕಟ್ಟಡ, ದೊಡ್ಡ ಮೈದಾನ, ಮಧ್ಯಾಹ್ನ ಬಿಸಿಯೂಟ. ನಾವಿಬ್ಬರೂ ಏಳನೆಯವರೆಗೆ ಕನ್ನಡದಲ್ಲೇ ಓದಿದವರು. ಮಗಳನ್ನು ಅಲ್ಲಿಗೆ ಸೇರಿಸಿದೆವು. "ಕನ್ನಡ ಶಾಲೆಗೆ ಹಾಕಲು ಅಷ್ಟು ದೂರ ಹೋಗಬೇಕಿತ್ತಾ?" ಎಂದು ಸೋದರಮಾವ ಕೇಳಿದರು. ಅವರ ಮಕ್ಕಳ ಶುಲ್ಕ ಕಟ್ಟುವುದು ಯಾವ ಬ್ಯಾಂಕಿನ ಸಾಲದಿಂದ ಎಂದು ನನಗೆ ಗೊತ್ತಿದ್ದರಿಂದ ಸುಮ್ಮನಾದೆ. ವರ್ಗಾವಣೆ ಪತ್ರ ತರುವಾಗ ಒಂದು ಎಚ್ಚರ: ಕಾಗದ ಕೈಗೆ ಬಂದರೆ ಸಾಲದು, ಮಗುವಿನ ಸ್ಯಾಟ್ಸ್ (ಶಾಲಾ ಮಕ್ಕಳ ಆನ್‌ಲೈನ್ ದಾಖಲೆ) ಸಂಖ್ಯೆ ಹಳೆ ಶಾಲೆಯ ಲೆಕ್ಕದಿಂದ ಆನ್‌ಲೈನ್‌ನಲ್ಲೂ ಬಿಡುಗಡೆಯಾಗಬೇಕು. ಹಳೆ ಶಾಲೆಯವರ ಎದುರು ಕೂತು, ಅವರು ಗುಂಡಿ ಒತ್ತಿದ್ದನ್ನು ಕಣ್ಣಾರೆ ನೋಡಿ ಎದ್ದು ಬನ್ನಿ.

ಉಳಿದ ಕಾಗದಪತ್ರಗಳು ಬೇಸರದವು, ಬೇಗ ಹೇಳಿ ಮುಗಿಸುತ್ತೇನೆ. ಊರು ಬದಲಾಗುವಾಗ ಗ್ಯಾಸಿನ ಸಿಲಿಂಡರನ್ನೂ ರೆಗ್ಯುಲೇಟರನ್ನೂ ಹಳೆ ಏಜೆನ್ಸಿಗೆ ಒಪ್ಪಿಸಿ, ವರ್ಗಾವಣೆಯ ಚೀಟಿ ಪಡೆದು ಹೊಸ ಏಜೆನ್ಸಿಯಲ್ಲಿ ಕೊಡಬೇಕು. ಸ್ಟೌವನ್ನು ಮಾತ್ರ ಜೊತೆಗೆ ಒಯ್ಯಬಹುದು. ನಡುವೆ ಕೆಲವು ದಿನ ಗ್ಯಾಸಿಲ್ಲ. ಇಂಡಕ್ಷನ್ ಒಲೆಯೊಂದನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳಿ. ಬೈಕಿಗೆ ಕೆಎ 14 ಇದ್ದರೇನು, ಕೆಎ 19 ಇದ್ದರೇನು, ಒಂದೇ ರಾಜ್ಯದೊಳಗೆ ಹೊಸ ನೋಂದಣಿ ಬೇಡ, ವಿಳಾಸ ಬದಲಿಸಿದರೆ ಸಾಕು. ವಿದ್ಯುತ್ತಿನಲ್ಲಿ ಮಾತ್ರ ಸ್ವಲ್ಪ ತಲೆ ಖರ್ಚು ಮಾಡಬೇಕಾಯಿತು. ಶಿವಮೊಗ್ಗವೂ ಮಂಗಳೂರೂ ಒಂದೇ ಮೆಸ್ಕಾಂ ವ್ಯಾಪ್ತಿ, ಹಾಗಾಗಿ ದರ ಒಂದೇ. ಗೃಹಜ್ಯೋತಿ ಬಾಡಿಗೆ ಮನೆಗೂ ಸಿಗುತ್ತದೆ. ಆದರೆ ಹಿಂದಿನ ಬಾಡಿಗೆದಾರರ ಆಧಾರ್ ಆ ಮೀಟರಿನ ಆರ್.ಆರ್. ಸಂಖ್ಯೆಗೇ ಅಂಟಿಕೊಂಡಿತ್ತು. ಅವರು ಅದನ್ನು ಬಿಡಿಸಬೇಕು, ನಾವು ಗೋಪಾಳದ ಮೀಟರಿನಿಂದ ನಮ್ಮದನ್ನು ಬಿಡಿಸಿ ಇಲ್ಲಿಗೆ ಜೋಡಿಸಬೇಕು. ಅವರು ಬೆಂಗಳೂರು ಸೇರಿದ್ದರು. ಬಾಯಿ ಅವರ ನಂಬರ್ ಹುಡುಕಿ ಕೊಟ್ಟರು, ಅವರು ಬಿಡುವಾದಾಗ ಮಾಡಿದರು, ಅಷ್ಟರಲ್ಲಿ ಒಂದು ಪೂರ್ತಿ ಬಿಲ್ ನಾವು ಕಟ್ಟಿದೆವು. ಕರಾರು ಪತ್ರಕ್ಕೆ ಸಹಿ ಹಾಕುವ ದಿನವೇ ಇದನ್ನು ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಸಾಮಾನು ಸಾಗಿಸಿದ್ದು ಮೇ ಕೊನೆಯ ವಾರ. ಮಳೆ ಹಿಡಿದರೆ ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿಷೇಧ ಬರುತ್ತದೆ, ಮರ ಬೀಳುತ್ತದೆ, ಗುಡ್ಡ ಜರಿಯುತ್ತದೆ. ಜೂನ್ ಹತ್ತಿರವಾದಂತೆ ಲಾರಿಯವರು ಬಳಸು ದಾರಿಯ ಬಾಡಿಗೆ ಕೇಳುತ್ತಾರೆ. ನಮ್ಮ ಸಣ್ಣ ಲಾರಿಗೆ 13,000 ಆಯಿತು. ಏನು ಒಯ್ಯಬೇಕು ಎನ್ನುವುದಕ್ಕಿಂತ ಏನು ಬಿಡಬೇಕು ಎನ್ನುವುದೇ ದೊಡ್ಡ ಜಗಳ. ಕಂಬಳಿಗಳು, ಹತ್ತಿಯ ದಪ್ಪ ರಜಾಯಿಗಳು ಊರಿಗೆ ಹೋದವು. ಕಬ್ಬಿಣದ ಮಂಚ ಉಪ್ಪು ಗಾಳಿಗೆ ತುಕ್ಕು ಹಿಡಿಯುತ್ತದೆ ಎಂದು ಅಪ್ಪನ ಮನೆಗೆ ಕೊಟ್ಟೆವು. ಅತ್ತೆ ಕೊಟ್ಟ ಒರಳುಕಲ್ಲನ್ನು ನಮ್ಮವರು ಬೇಡವೆಂದರು, ನಾನು ಬೇಕೆಂದೆ. ಅದು ಲಾರಿ ಹತ್ತಿತು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಚಾಲಕ ಒಂದು ಕೈಯಲ್ಲಿ ಇಳಿಸುವಾಗ ಫ್ರಿಜ್ಜಿನ ಹಗ್ಗ ಬಿಗಿಯಾಗಿದೆಯೇ ಎಂದು ಹಿಂದೆ ಬಸ್ಸಿನಲ್ಲಿ ಬರುತ್ತಿದ್ದ ನಮಗೆ ಚಿಂತೆ. ಮಗಳು ಎರಡನೆಯ ತಿರುವಿಗೇ ವಾಂತಿ ಶುರುಮಾಡಿದ್ದಳು. ಘಟ್ಟದ ಬುಡದ ಸೋಮೇಶ್ವರ ಮುಟ್ಟುವಷ್ಟರಲ್ಲಿ ಎಲ್ಲರ ಕುತ್ತಿಗೆಯಲ್ಲೂ ಬೆವರು. ಅಲ್ಲಿಂದ ಮುಂದೆ ಬೆವರು ಒರೆಸುವುದನ್ನು ನಿಲ್ಲಿಸಿದ್ದೇವೆ ಎಂದು ಹೇಳಲಾರೆ.

ಮೊದಲ ತಿಂಗಳು ಕಷ್ಟವಾದದ್ದು ಮಗನಿಗೆ. ಅಮ್ಮನ ಮನೆಯಲ್ಲಿ ಅವನು ರಾಜ. ಕೇಂದ್ರದಲ್ಲಿ ಹದಿನೈದು ಮಕ್ಕಳು, ಒಬ್ಬರು ಟೀಚರು, ಒಬ್ಬರು ಆಯಾ. ಬಾಗಿಲಲ್ಲಿ ನನ್ನ ಚೂಡಿದಾರದ ಅಂಚನ್ನು ಹಿಡಿದು ಬಿಡುತ್ತಿರಲಿಲ್ಲ, ಒಂದೊಂದೇ ಬೆರಳು ಬಿಡಿಸಿ ನಾನು ಪಾಳಿಗೆ ಓಡುತ್ತಿದ್ದೆ. ಆಯಾ ತುಳುವಿನಲ್ಲಿ ಏನೋ ಹೇಳಿ ಎತ್ತಿಕೊಳ್ಳುತ್ತಿದ್ದರು. ಅವರ ಸಂಬಳ ಎಷ್ಟೆಂದು ಒಮ್ಮೆ ಕೇಳಿದೆ. ನಾನು ಕಟ್ಟುವ 3,500ಕ್ಕೆ ಗೊಣಗುವುದನ್ನು ಆಮೇಲೆ ಬಿಟ್ಟೆ. ಮಗನ ಮೈಮೇಲೆ ಬೆವರುಸಾಲೆ ಎದ್ದು, ಅವನು ರಾತ್ರಿಯೆಲ್ಲ ಕೆರೆದುಕೊಂಡು ಅತ್ತ ವಾರ ನಮ್ಮವರು ಏಸಿ ಕೊಳ್ಳೋಣ ಎಂದರು. ನಾನು ಬಿಲ್ ತೋರಿಸಿದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗಿದ್ದರೆ ಸರಾಸರಿಯ ಲೆಕ್ಕದಲ್ಲಿ ಉಚಿತ. 200 ದಾಟಿದರೆ ದಾಟಿದ್ದಕ್ಕಷ್ಟೇ ಅಲ್ಲ, ಇಡೀ ಬಿಲ್ಲನ್ನೇ ಕಟ್ಟಬೇಕು. ಏಸಿ ಹಾಕಿದ ಮನೆ 200ರೊಳಗೆ ನಿಲ್ಲುವುದಿಲ್ಲ. ಇನ್ನೊಂದು ಫ್ಯಾನ್ ತಂದೆವು, ಮಗನಿಗೆ ದಿನಕ್ಕೆ ಎರಡು ಸ್ನಾನ ಮಾಡಿಸಿದೆವು. ಜೂನ್ ಮಧ್ಯದ ಮಳೆಗೆ ಸಾಲೆ ತಾನೇ ಇಳಿಯಿತು.

ಸೊಳ್ಳೆಪರದೆಗೆ ಮಾತ್ರ ನಾನು ಚೌಕಾಸಿ ಮಾಡಲಿಲ್ಲ. ಶಿವಮೊಗ್ಗದ ಲ್ಯಾಬಿನಲ್ಲಿ ನಮಗಿದ್ದ ಭಯ ಮಂಗನ ಕಾಯಿಲೆಯದು. 1957ರಲ್ಲಿ ಅದು ಮೊದಲು ಪತ್ತೆಯಾದದ್ದೇ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗಳೂರಿನಲ್ಲಿ ಮಲೇರಿಯಾ. ಹಿಂದಿಗಿಂತ ಬಹಳ ಕಡಿಮೆಯಾಗಿದೆ ಎನ್ನುತ್ತಾರೆ, ನಿಜ ಕೂಡ. ಆದರೆ ಸೂಕ್ಷ್ಮದರ್ಶಕದಲ್ಲಿ ರಕ್ತಕಣದೊಳಗೆ ಮಲೇರಿಯಾ ರೋಗಾಣುವಿನ ಆ ಉಂಗುರವನ್ನು ಸ್ವತಃ ನೋಡಿದವಳಿಗೆ ಮನೆಗೆ ಬಂದು ಕಿಟಕಿ ತೆರೆದಿಡುವ ಧೈರ್ಯ ಬರುವುದಿಲ್ಲ.

ಅಂಗಡಿಯಲ್ಲಿ ತೆಂಗಿನಕಾಯಿಯನ್ನು ತಕ್ಕಡಿಗೆ ಹಾಕಿದ್ದು ಕಂಡು ಮಗಳು ನಕ್ಕಳು. ನಮ್ಮ ಕಡೆ ಕಾಯಿಯನ್ನು ಎಣಿಸಿ ಮಾರುತ್ತಾರೆ. 2025ರಲ್ಲಿ ಕಿಲೋಗೆ 60 ರೂಪಾಯಿ ದಾಟಿದಾಗ ನನಗೆ ನಗು ಬರಲಿಲ್ಲ. ಆದರೆ ಮೀನು ಶಿವಮೊಗ್ಗಕ್ಕಿಂತ ಅಗ್ಗ. ಅಲ್ಲಿಗೆ ಮಂಜುಗಡ್ಡೆಯಲ್ಲಿ ಘಟ್ಟ ಹತ್ತಿ ಬಂದು ಕಣ್ಣು ಕೆಂಪಾದ ಬಂಗುಡೆಯನ್ನೇ ತಾಜಾ ಎಂದು ತಿಂದವರು ನಾವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ಆಗ ದರ ಏರುತ್ತದೆ. ಆ ಎರಡು ತಿಂಗಳು ಮನೆಯಲ್ಲಿ ಹಲಸಿನ ಹಪ್ಪಳ, ಒಣಮೀನು. ಆಗಸ್ಟಿನಿಂದ ಬೂತಾಯಿ ಬಂದರೆ ವಾರದಲ್ಲಿ ಮೂರು ದಿನ ಸಾರಿನ ಚಿಂತೆಯಿಲ್ಲ.

ಅತ್ತೆ ಬಂದು ಇರಲಿ ಎಂದರೆ ಅದಕ್ಕೂ ಒಂದು ಪಂಚಾಂಗವಿದೆ. ಮಳೆ ಶುರುವಾದರೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಆಳಿಗೆ ಊಟ ಹಾಕಬೇಕು. ದೀಪಾವಳಿಯ ಹೊತ್ತಿಗೆ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಬೇಯಿಸಿದ ನೀರಿನ ಚೊಗರು ಕಾಯಿಸುವುದು, ಒಣಗಿಸುವುದು. ಅಡಿಕೆ ಮನೆಯೊಳಗೆ ಸೇರಿದ ಮೇಲೆ, ಅಂದರೆ ಶಿವರಾತ್ರಿಯ ಹೊತ್ತಿಗೆ, ಅತ್ತೆಗೆ ಬಿಡುವು. ನಮ್ಮ ಮನೆ ಶಿವಮೊಗ್ಗ ಬಸ್ಸಿನ ದಾರಿಯಲ್ಲೇ ಇರುವುದರಿಂದ ಅವರು ಕುಲಶೇಖರದಲ್ಲೇ ಇಳಿದರು. ಎರಡು ಚೀಲ, ಒಂದು ಭರಣಿ, ತಲೆಗೆ ಟವೆಲು. ಬಾಯಿಗೂ ಅವರಿಗೂ ಒಂದೇ ಸಂಜೆಯಲ್ಲಿ ಗೆಳೆತನವಾಯಿತು. ಇವರ ಕೆಂಪಡಿಕೆ ಅವರಿಗೆ, ಅವರ ಬೇಯಿಸದೆ ಒಣಗಿಸಿದ ಚಾಲಿ ಅಡಿಕೆ ಇವರಿಗೆ.

ಒಂದು ಮಧ್ಯಾಹ್ನ ಅತ್ತೆ ಆ ನೋಟ್ ಪುಸ್ತಕ ಹಿಡಿದು ಕೂತಿದ್ದರು. ಹಿಂದಿನ ಹಾಳೆ ತೆರೆದಿತ್ತು. ನನಗೆ ಮುಜುಗರವಾಯಿತು, ಕಳಿಸಿದ ಬಸಳೆಗೂ ಬೆಲೆ ಕಟ್ಟಿದ ಸೊಸೆ. ಅವರು ಕನ್ನಡಕ ಸರಿಮಾಡಿಕೊಂಡು ಬೆರಳಿಟ್ಟು ಓದುತ್ತಾ ಹೋದರು.

"ಕಾಯಿ ತಿಂಗಳಿಗೆ ಎಂಟು ಎಂದು ಬರೆದಿದ್ದೀಯಲ್ಲ ಮಾರಾಯ್ತಿ, ನಾನು ಹನ್ನೆರಡಕ್ಕೆ ಕಡಿಮೆ ಯಾವಾಗ ಕಳಿಸಿದ್ದೇನೆ?"

"ನಾಲ್ಕು ಅಮ್ಮನ ಮನೆಗೆ ಹೋಗುತ್ತಿತ್ತು ಅತ್ತೆ."

"ಹಾಗಿದ್ದರೆ ಅದನ್ನೂ ಬರಿ. ಮಗುವನ್ನು ನೋಡಿಕೊಂಡದ್ದಕ್ಕೆ ಅವರಿಗೆ ಕೊಟ್ಟದ್ದು ಅದೊಂದೇ" ಎಂದು ಪುಸ್ತಕ ನನ್ನ ಕಡೆ ತಳ್ಳಿದರು. ಬರೆದೆ.

ಈಗ ಲೆಕ್ಕ ಎಲ್ಲಿ ನಿಂತಿದೆ ಎಂದರೆ, ಮೊದಲ ಎಂಟು ತಿಂಗಳು ತಿಂಗಳಿಗೆ ಎರಡು, ಮೂರು ಸಾವಿರ ಕಡಿಮೆಯೇ ಬಿತ್ತು, ಅಂದುಕೊಂಡಂತೆಯೇ. ಊರಿಗೆ ಹೋಗಿ ಬರುವ ಖರ್ಚು ಅಂದಾಜಿಗಿಂತ ಹೆಚ್ಚಾಯಿತು: ಹಬ್ಬ, ಮದುವೆ, ಮಾವನ ಕೈಗಡದ ಅಡಿಕೆ ಸುಲಿತ. ಬಸ್ಸಿನಲ್ಲಿ ನನಗೆ ಶಕ್ತಿ ಯೋಜನೆ ಇದ್ದರೂ ಈ ದಾರಿಯಲ್ಲಿ ಓಡುವ ಬಸ್ಸುಗಳಲ್ಲಿ ಖಾಸಗಿಯವೂ ಬಹಳ. ಮಕ್ಕಳನ್ನು ಕಟ್ಟಿಕೊಂಡು ಸರ್ಕಾರಿ ಬಸ್ಸಿಗೇ ಕಾಯುವ ತಾಳ್ಮೆ ಎಲ್ಲ ಸಲವೂ ಇರುವುದಿಲ್ಲ. ಒಂಬತ್ತನೆಯ ತಿಂಗಳಿನಿಂದ ನಮ್ಮವರಿಗೆ ಇಲ್ಲಿನ ಇಬ್ಬರು ಎಂಜಿನಿಯರರ ಕೆಲಸವೂ ಸಿಗತೊಡಗಿತು. ಕರಾವಳಿಯ ಮನೆಗೆ ಇಳಿಜಾರು ಮಾಡು, ಗಾಳಿಯಾಡುವ ಜಗಲಿ ಎಂದು ನಕ್ಷೆ ಬರೆಯುವುದು ಅವರಿಗೆ ಹೊಸ ಹುರುಪು ತಂದಿದೆ. ಕೊರತೆ ನಿಂತಿದೆ. ಉಳಿತಾಯ ಇನ್ನೂ ಶುರುವಾಗಿಲ್ಲ.

ಹನ್ನೊಂದು ತಿಂಗಳ ಕರಾರು ಮುಗಿಯುವ ಮುನ್ನ ಬಾಯಿ ಮೇಲೆ ಬಂದರು. ಬಾಡಿಗೆ ಏರಿಸುವ ಮಾತಿಗೆ ಎಂದು ನಾವಿಬ್ಬರೂ ಉತ್ತರ ಸಿದ್ಧಮಾಡಿಕೊಂಡಿದ್ದೆವು. ಅವರು ಕೇಳಿದ್ದು 1,000, ನಾವು ಹೇಳಿದ್ದು 500, 700ಕ್ಕೆ ನಿಂತಿತು. ಮುಂಗಡ ಏರಿಸುವುದಿಲ್ಲ, ಅದರ ಬದಲು ಅವರ ವಿದ್ಯುತ್ ಬಿಲ್, ನೀರಿನ ಬಿಲ್ ನಮ್ಮವರು ಮೊಬೈಲಿನಲ್ಲಿ ಕಟ್ಟಿಕೊಡಬೇಕು, ಗಲ್ಫಿನ ಮಗನಿಗೆ ವಿಡಿಯೊ ಕರೆ ಹಚ್ಚಿಕೊಡಬೇಕು. ಹೊಸ ಕರಾರಿಗೆ ಸಹಿ ಹಾಕಿದೆವು. ಮಗನ ಶಿಶುವಿಹಾರದ ಅರ್ಜಿ ಡಿಸೆಂಬರಿನಲ್ಲೇ ಕೊಡುತ್ತಾರಂತೆ, ಆ ದಿನಾಂಕವನ್ನು ಈ ಸಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.